ಮೂಳೆ ಲೆಕ್ಕ

ಉಲಾನ್‌ಬಾತರಿನ ಉತ್ತರದ ದಿಬ್ಬದಲ್ಲಿ
ನಮ್ಮ ಉಣ್ಣೆ ಗುಡಾರದೊಳಗೆ
ರಾತ್ರಿ ಬಾಯಿ ತೆರೆಯುವವರು ಮೂವರು:
ಹತ್ತೊಂಬತ್ತು ದಿನದ ಕೂಸು,
ಎರಡೂವರೆ ವರ್ಷದ ಎನೇಬಿಶ್,
ಮತ್ತೆ ಒಲೆ.

ಹೊರಗೆ ಸೊನ್ನೆಗಿಂತ ಮೂವತ್ತೆರಡು ಕೆಳಗೆ.
ಒಲೆಗೆ ಎರಡು ಗಂಟೆಗೊಮ್ಮೆ ಕಲ್ಲಿದ್ದಲ ಉಂಡೆ,
ಕೂಸಿಗೆ ಒಂದೂವರೆ ಗಂಟೆಗೊಮ್ಮೆ ಎದೆ.
ಎನೇಬಿಶನಿಗೆ ಏನು ಬೇಕೋ
ಅವನಿಗೂ ತಿಳಿಯದು.

ಮೊದಲ ವಾರವೇ ಮಾತಾಡಿಕೊಂಡಿದ್ದೆವು,
ತಿಳಿದವರ ಹಾಗೆ:
ಒಲೆ ನಿನ್ನದು, ಕೂಸು ನನ್ನದು, ಎಂದಳು ಖಂದ್‌ಮಾ.
ದೊಡ್ಡವನನ್ನು ಹಂಚಿಕೊಳ್ಳಲು ಮರೆತಿದ್ದೆವು.
ರಾತ್ರಿ ಮೂರಕ್ಕೆ ಎದ್ದು ಕೂತ,
ಇಬ್ಬರ ಮುಖವನ್ನೂ ನೋಡಿದ,
ಕಿವಿಗೆ ಇನ್ನೂ ಗುರುತು ಕೊಯ್ಯದ
ಕುರಿಮರಿಯ ಹಾಗೆ.

ಆಮೇಲೆ ಶುರುವಾಯಿತು.
ನಾನು ಐದು ಸಲ ಎದ್ದೆ, ನೀನು ಮೂರೇ.
ಮೂರಲ್ಲ, ನಾಲ್ಕು. ಬೂದಿ ಎತ್ತಿದ್ದು ಲೆಕ್ಕಕ್ಕಿಲ್ಲವೆ?
ಹಾಲೂಡಿಸುವಾಗ ಕೂತೇ ಇರುತ್ತೀಯಲ್ಲ,
ಎಂದುಬಿಟ್ಟೆ.
ಆವತ್ತು ನನ್ನ ಚಹಕ್ಕೆ ಉಪ್ಪು ಬೀಳಲಿಲ್ಲ.

ಅವಳಜ್ಜಿಯ ತೊಗಲು ಚೀಲದಲ್ಲಿ
ಕುರಿಯ ಹರಡಿನ ಮೂಳೆಗಳಿದ್ದವು,
ಎಸೆದರೆ ಕುದುರೆಯಾಗಿಯೋ ಒಂಟೆಯಾಗಿಯೋ
ಕುರಿ ಮೇಕೆಯಾಗಿಯೋ ಬೀಳುವಂಥವು.
ಸುರಿದಳು ಚಾಪೆಯ ನಡುವೆ.
ಎದ್ದವರು ಒಂದನ್ನು ತಮ್ಮ ಕಡೆ ಸರಿಸಬೇಕು,
ಬಲಕ್ಕೆ ಅವಳದು, ಎಡಕ್ಕೆ ನನ್ನದು,
ಬೆಳಗ್ಗೆ ಎಣಿಸೋಣ,
ಮೂಳೆ ಸುಳ್ಳು ಹೇಳುವುದಿಲ್ಲ.

ಮೂಳೆ ಹೇಳಲಿಲ್ಲ. ನಾನು ಹೇಳಿದೆ.
ಮೊನ್ನೆ ಕೂಸು ಮುಲುಗಿದಾಗ ನನಗೆ ಎಚ್ಚರವಿತ್ತು.
ಉಸಿರನ್ನು ನಿದ್ದೆಯ ಅಳತೆಗೆ ಎಳೆದೆಳೆದು ಬಿಟ್ಟೆ,
ಸಾಲದೆಂದು ಸಣ್ಣದೊಂದು ಗೊರಕೆ ಸೇರಿಸಿದೆ.
ಹೊಲಿಗೆ ಜಗ್ಗುವ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು
ಅವಳು ಎದ್ದಳು.
ಟಕ್.
ಮೂಳೆಯೊಂದು ಬಲಕ್ಕೆ ಸರಿಯಿತು,
ಬೇಕಿದ್ದಕ್ಕಿಂತ ಕೊಂಚ ಜೋರಾಗಿಯೇ.

ಮರುರಾತ್ರಿ ಒಲೆ ಆರುತ್ತ ಬಂದಾಗ
ಅವಳ ಪಾದ ನನ್ನ ಮೊಣಕಾಲಿಗೆ ತಾಗಿತು.
ಅಷ್ಟು ತಣ್ಣನೆಯ ಪಾದ ಇಟ್ಟುಕೊಂಡು
ಯಾರೂ ನಿದ್ದೆ ಮಾಡುವುದಿಲ್ಲ.
ಕಣ್ಣು ಮುಚ್ಚಿಯೇ ಇದ್ದಳು.
ಇಬ್ಬರೂ ಸೇರಿ ಒಂದೇ ನಿದ್ದೆಯನ್ನು ನಟಿಸುತ್ತ
ಸ್ವಲ್ಪ ಹೊತ್ತು ಮಲಗಿದ್ದೆವು,
ಮದುವೆಯಾದ ಹೊಸತರಲ್ಲಿ
ಅವರಮ್ಮ ಬಾಗಿಲು ಸರಿಸಿದಾಗ ಮಲಗಿದ್ದ ಹಾಗೆ.

ನಿನ್ನೆ ನಮ್ಮನ್ನು ಎಬ್ಬಿಸಿದ್ದು ಸದ್ದಲ್ಲ.
ಸದ್ದಿಲ್ಲದಿದ್ದುದು.
ಅಳು ಇಲ್ಲ. ಕೆಮ್ಮು ಇಲ್ಲ.
ಮಧ್ಯದ ಹಾಸಿಗೆಯಲ್ಲಿ ಎನೇಬಿಶ್ ಇಲ್ಲ.

ಇದಲ್ಲ ಎಂದು ಆ ಹೆಸರಿನ ಅರ್ಥ.
ಇವನಿಗಿಂತ ಮೊದಲು ಒಬ್ಬಳು ಬಂದಿದ್ದಳು, ನಿಲ್ಲಲಿಲ್ಲ.
ಹುಡುಕಿಕೊಂಡು ಬರುವುದಕ್ಕೆ
ಗುರಿ ತಪ್ಪಲಿ ಎಂದು ಅಪ್ಪ ಇಟ್ಟದ್ದು.
ಇದಲ್ಲ, ಇದಲ್ಲ,
ನಾಲಗೆಯ ಮೇಲೆ ಹೆಸರೋ ಹರಕೆಯೋ
ಗೊತ್ತಾಗದೆ ಇಬ್ಬರೂ ಎದ್ದೆವು, ಒಟ್ಟಿಗೆ,
ಹಣೆಗೆ ಹಣೆ ಬಡಿಯಿತು.

ಒಲೆಯಿಂದ ಒಂದು ಮೊಳ ಈಚೆಗೆ
ಕೆಂಡದ ಬೆಳಕಿನಲ್ಲಿ ಕೂತಿದ್ದ,
ಮೂಗಿನ ತುದಿಗೆ ಮಸಿ.
ಬಲದ್ದು ಎಡದ್ದು ಎಲ್ಲ ಕಲಸಿ
ಮೂಳೆಗಳನ್ನು ಮತ್ತೆ ಹಂಚುತ್ತಿದ್ದ:
ತಂಗಿಯ ಬಟ್ಟೆಯ ಸುತ್ತಿನೊಳಗೆ ಒಂದು,
ಒಲೆಗೊಂದು, ಅದರ ಕಾಲ ಹತ್ತಿರ,
ಅಮ್ಮನ ದಿಂಬಿಗೆ ಮೂರು,
ಒಂದು ತನ್ನ ಬಾಯಿಗೆ.

ಖಂದ್‌ಮಾ ಬಾಯಿಗೆ ಬೆರಳು ಹಾಕಿ ಅದನ್ನು ತೆಗೆದಳು,
ನೈಟಿಗೆ ಒರೆಸಿದಳು,
ಯಾವ ಕಡೆ ಇಡಬೇಕೋ ತೋಚದೆ ಹಿಡಿದುಕೊಂಡೇ ನಿಂತಳು.
ಆಮೇಲೆ ನಗು ಬಂತು,
ನಕ್ಕರೆ ಹೊಲಿಗೆ ನೋಯುತ್ತದೆ,
ನಗಿಸಬೇಡ ಎಂದು ನನ್ನನ್ನೇ ಬೈದಳು.
ನಾನು ಏನೂ ಹೇಳಿರಲಿಲ್ಲ.
ಅಷ್ಟರಲ್ಲಿ ಕೂಸು ಎದ್ದಿತು.

ಐದೂವರೆಗೆ ಡಿಪೋ.
ಹೊಗೆಯೂ ಮಂಜೂ ಒಂದೇ ಬಣ್ಣದ ಬೀದಿಯಲ್ಲಿ
ಮೊದಲ ಬಸ್ಸು ತೆಗೆದೆ, ಇನ್ನೂ ಯಾರೂ ಹತ್ತಿರಲಿಲ್ಲ.
ಎಡಗೈ ಗವಸಿನ ಹೆಬ್ಬೆರಳಿಗೆ
ಗಟ್ಟಿಯಾದದ್ದೇನೋ ತಾಗಿತು.
ಕುದುರೆಯೋ ಮೇಕೆಯೋ,
ಅವಳದೋ ನನ್ನದೋ.
ಕೊನೆಯ ನಿಲ್ದಾಣದವರೆಗೂ
ಹೊರಗೆ ತೆಗೆಯಲಿಲ್ಲ.